ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆ ಬದಲಾಯಿಸುವ ಮುನ್ನ: ಕನ್ನಡ ಕಡತಗಳ ಸಂರಕ್ಷಣೆ ಕುರಿತು ಮಾಹಿತಿ

ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು ದಿನಾಂಕ 14-10-2025ಕ್ಕೆ ಕೊನೆಗೊಂಡಿರುತ್ತದೆ. ಟಿಪಿಎಂ 2.0 ಭದ್ರತಾ ಸೌಲಭ್ಯವಿಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾಗದ ಕಾರಣ ಅನೇಕರು ಹೊಸ ಯಂತ್ರವನ್ನೇ ಖರೀದಿಸಬೇಕಾಗುತ್ತದೆ. ಚಳ್ಳಕೆರೆ ಹಾಗೂ ಮೊಳಕಾಲ್ಮುರು ತಾಲ್ಲೂಕುಗಳ ಸಹಕಾರ ಸಂಘಗಳು, ನೇಕಾರರ ಸಂಘಗಳು, ಶಾಲೆಗಳು ಮತ್ತು ಬೆರಳಚ್ಚು ಕೇಂದ್ರಗಳವರ ಉಪಯೋಗಕ್ಕಾಗಿ ಈ ಮಾಹಿತಿ ನೀಡಲಾಗಿದೆ.

ಕಡತಗಳ ಪ್ರತಿ ಇದೆಯೇ ಎಂದು ವಿಚಾರಿಸಿದಲ್ಲಿ "ಡಿ ಡ್ರೈವ್‌ನಲ್ಲಿ ಹಾಕಿದ್ದೇವೆ" ಎಂಬ ಉತ್ತರವೇ ಸಾಮಾನ್ಯವಾಗಿ ದೊರೆಯುತ್ತದೆ. ಹಲವು ಯಂತ್ರಗಳಲ್ಲಿ ಸಿ ಮತ್ತು ಡಿ ಎಂಬುವು ಒಂದೇ ಹಾರ್ಡ್ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಆದುದರಿಂದ ಪ್ರತಿಯನ್ನು ಹೊರ ಹಾರ್ಡ್ ಡಿಸ್ಕಿನಲ್ಲಿ ತೆಗೆದು, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇರಿಸತಕ್ಕದ್ದು. ಡೆಸ್ಕ್‌ಟಾಪ್ ಮೇಲಿನ ಕಡತಗಳನ್ನು ಮರೆಯಬಾರದು. ಹೊರ ಡಿಸ್ಕನ್ನು ಕಳಚಿದ ನಂತರವೇ ಉನ್ನತೀಕರಣ ಆರಂಭಿಸುವುದು ಕ್ಷೇಮ.

ಲೆಕ್ಕಪತ್ರ ತಂತ್ರಾಂಶದ ದತ್ತಾಂಶವನ್ನು ಆ ತಂತ್ರಾಂಶದ ಬ್ಯಾಕಪ್ ಸೌಲಭ್ಯದಿಂದಲೇ ಪಡೆದು, ಮತ್ತೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ಅಲ್ಲಿನ ತಾಳೆಪಟ್ಟಿಯನ್ನು ಹಳೆಯ ಯಂತ್ರದ ಮುದ್ರಿತ ತಾಳೆಪಟ್ಟಿಯೊಂದಿಗೆ ಹೋಲಿಸತಕ್ಕದ್ದು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಪರಿಗಣಿಸಲಾಗದು.

ಕನ್ನಡ ಕಡತಗಳಿಗೆ ಇಷ್ಟೇ ಸಾಲದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಾದ ನಡಾವಳಿ, ಸದಸ್ಯರ ಪಟ್ಟಿ, ಪತ್ರಗಳಲ್ಲಿ ಸಂಗ್ರಹವಾಗಿರುವುದು ಕನ್ನಡ ಸಂಕೇತಗಳಲ್ಲ, ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳು. ಅವುಗಳಿಗೆ ಕನ್ನಡ ರೂಪ ಕೊಡುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ಕಡತ ತೆರೆಯುತ್ತದೆ, ಆದರೆ ಓದಲು ಬರುವುದಿಲ್ಲ.

ಬರೆದದ್ದು ಉಳಿದು, ಓದುವ ಕ್ರಮ ಮರೆತುಹೋಗುವುದು ಈ ಭಾಗಕ್ಕೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಈ ಮೂರು ಕಡೆ ಅಶೋಕನ ಒಂದೇ ಶಾಸನಪಾಠವನ್ನು ಕೆತ್ತಿಸಲಾಗಿದೆ. ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದಿದ್ದರೂ ಉಳಿದವುಗಳಿಂದ ಪಾಠ ತಿಳಿಯುತ್ತದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವುಗಳನ್ನು ಪತ್ತೆಹಚ್ಚಿದಾಗ ಓದಲು ಸಾಧ್ಯವಾದುದು, 1837ರ ವೇಳೆಗೆ ಜೇಮ್ಸ್ ಪ್ರಿನ್ಸೆಪ್ ಅವರು ಬ್ರಾಹ್ಮಿ ಲಿಪಿಯನ್ನು ಬಿಡಿಸಿದ್ದರಿಂದ. ಅಲ್ಲಿಯವರೆಗೆ ಆ ಲಿಪಿ ಶತಮಾನಗಳ ಕಾಲ ಯಾರಿಗೂ ತಿಳಿಯದಾಗಿತ್ತು.

ಆದ್ದರಿಂದ ಹಳೆಯ ಯಂತ್ರ ಚಾಲನೆಯಲ್ಲಿರುವಾಗಲೇ ಅದರ ಫಾಂಟ್ ಕಡತಗಳನ್ನು ಪ್ರತಿಯೊಂದಿಗೆ ಸೇರಿಸಿಟ್ಟುಕೊಳ್ಳತಕ್ಕದ್ದು. ಮುಖ್ಯ ದಾಖಲೆಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ತೆಗೆದಿಡುವುದು. ಪರಿವರ್ತನೆಯಲ್ಲಿ ಅರ್ಕಾವತ್ತು, ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು. ನಡುವೆ ಬರುವ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿಬಿಡುವುದೂ ಉಂಟು. ಸದಸ್ಯರ ಹೆಸರು, ಸರ್ವೆ ನಂಬರ್, ಷೇರು ಮೊಬಲಗು ಇವುಗಳನ್ನು ಇಬ್ಬರು ಕುಳಿತು, ಒಬ್ಬರು ಓದಿ ಮತ್ತೊಬ್ಬರು ನೋಡಿ ತಾಳೆ ಹಾಕುವುದು ಉತ್ತಮ. ಮೂಲ ಕಡತಗಳನ್ನು ಅಳಿಸಬಾರದು. ಹಳೆಯ ಯಂತ್ರದ ವಿಲೇವಾರಿಯನ್ನು ಈ ಪರಿಶೀಲನೆ ಮುಗಿದ ಬಳಿಕವಷ್ಟೇ ಕೈಗೊಳ್ಳತಕ್ಕದ್ದು.