ಕೊಡುಗೆ ದಾನಿಯದು, ಹೊಣೆ ಪಂಚಾಯತಿಯದು

ಗ್ರಾಮೀಣ ಪ್ರದೇಶದ ಸರ್ಕಾರಿ ಶಾಲೆಗಳಿಗೆ ದತ್ತಿ ಸಂಸ್ಥೆಗಳು, ಕಂಪನಿಗಳು ಹಾಗೂ ಹಳೆಯ ವಿದ್ಯಾರ್ಥಿಗಳ ನೆರವು ಹಲವು ರೂಪಗಳಲ್ಲಿ ಹರಿದು ಬರುತ್ತಿದೆ. ಕೊಠಡಿ, ಕಂಪ್ಯೂಟರ್, ಪುಸ್ತಕ, ಗಣಿತ ಕಲಿಕಾ ಸಾಮಗ್ರಿ, ಪೌಷ್ಟಿಕ ಆಹಾರ ಇವೆಲ್ಲವೂ ಅದರಲ್ಲಿ ಸೇರಿವೆ. ಈ ನೆರವು ಬಡ ಮಗುವಿನ ಕಲಿಕೆಯಾಗಿ ಫಲಿಸುವುದೋ, ಬೀಗ ಹಾಕಿದ ಕೊಠಡಿಯಲ್ಲಿ ಧೂಳು ಹಿಡಿಯುವುದೋ ಎಂಬುದು ಬಹುಮಟ್ಟಿಗೆ ಸ್ಥಳೀಯ ಆಡಳಿತವನ್ನು ಅವಲಂಬಿಸಿದೆ.

ವಿದ್ಯೆಗಾಗಿ ದಾನ ನೀಡುವ ಪರಂಪರೆ ನಾಡಿಗೆ ಹೊಸತಲ್ಲ. ತುಮಕೂರಿನ ಸಿದ್ಧಗಂಗಾ ಮಠದ ಅನ್ನ, ಅಕ್ಷರ, ಆಶ್ರಯ ದಾಸೋಹದಿಂದ ಸಾವಿರಾರು ಬಡ ಮಕ್ಕಳು ಓದಿ ಮುಂದೆ ಬಂದಿದ್ದಾರೆ. ಅಕ್ಷಯ ಪಾತ್ರ ಸಂಸ್ಥೆಯು 2000ರಲ್ಲಿ ಬೆಂಗಳೂರಿನ 5 ಶಾಲೆಗಳ 1,500 ಮಕ್ಕಳಿಗೆ ಮಧ್ಯಾಹ್ನದ ಊಟ ನೀಡಲಾರಂಭಿಸಿತು. ಆಹಾರದ ಹಕ್ಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್‌ನಲ್ಲಿ ನೀಡಿದ ಆದೇಶದಿಂದ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ನೀಡುವುದು ರಾಜ್ಯಗಳ ಕರ್ತವ್ಯವಾಯಿತು. ದಾನವಾಗಿ ಬರುವುದು ದಾನಿಯ ಇಚ್ಛೆಯನ್ನು ಅವಲಂಬಿಸಿರುತ್ತದೆ. ಹಕ್ಕಾಗಿ ದೊರೆಯುವುದನ್ನು ಮಗು ಕೇಳಿ ಪಡೆಯಬಹುದು. ಸಹಭಾಗಿತ್ವದ ಕುರಿತು ಚರ್ಚಿಸುವಾಗ ಈ ವ್ಯತ್ಯಾಸವನ್ನು ಮರೆಯಲಾಗದು.

ಇತ್ತೀಚಿನ ಉದಾಹರಣೆಯೊಂದು ಪ್ರತಿ ಶಾಲೆಯ ಅಡುಗೆಮನೆಯಲ್ಲಿಯೇ ಇದೆ. ಬಿಸಿಯೂಟದೊಂದಿಗೆ ರಾಜ್ಯ ಸರ್ಕಾರವು ವಾರದಲ್ಲಿ 2 ದಿನ ನೀಡುತ್ತಿದ್ದ ಮೊಟ್ಟೆಯನ್ನು 6 ದಿನಗಳಿಗೆ ವಿಸ್ತರಿಸಲು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನೊಂದಿಗೆ 3 ವರ್ಷಗಳ ಒಡಂಬಡಿಕೆಯಾಯಿತು. ಮೊಟ್ಟೆ ಸೇವಿಸದ ಮಕ್ಕಳಿಗೆ ಬಾಳೆಹಣ್ಣು ನೀಡಲಾಗುತ್ತದೆ. ಒಪ್ಪಂದಕ್ಕೆ ರಾಜ್ಯ ಮಟ್ಟದಲ್ಲಿ ಸಹಿ ಬಿದ್ದಿದ್ದರೂ, ಮೊಟ್ಟೆಯು ಮಗುವಿನ ತಟ್ಟೆಗೆ ತಲುಪಿತೇ ಎಂಬುದನ್ನು ನೋಡಬಲ್ಲವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಹಾಗೂ ವಾರ್ಡಿನ ಸದಸ್ಯರು ಮಾತ್ರ. ಅಂತೆಯೇ ಒಪ್ಪಂದಕ್ಕೆ ಕೊನೆಯ ದಿನವಿರುತ್ತದೆ, ಮಗುವಿನ ಹಸಿವಿಗೆ ಇರುವುದಿಲ್ಲ ಎಂಬುದೂ ಗಮನಾರ್ಹ.

ಕಂಪನಿಗಳ ನೆರವಿಗೂ ಇದೇ ಮಿತಿಯಿದೆ. 2013ರ ಕಂಪನಿಗಳ ಕಾಯ್ದೆಯ 135ನೇ ಪ್ರಕರಣದಂತೆ, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು. ಶಿಕ್ಷಣವು ಇದಕ್ಕೆ ಅರ್ಹವಾದ ವಿಷಯಗಳಲ್ಲೊಂದಾಗಿದ್ದು, ಕಂಪನಿಯು ಕಾರ್ಯನಿರ್ವಹಿಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಮುಂದುವರಿಯುವ ಯೋಜನೆಯೆಂದು ಪರಿಗಣಿತವಾದ ಕಾಮಗಾರಿಯೂ ಆರಂಭದ ವರ್ಷವನ್ನು ಬಿಟ್ಟು 3 ಆರ್ಥಿಕ ವರ್ಷಗಳೊಳಗೆ ಮುಗಿಯಬೇಕು. ಕಂಪ್ಯೂಟರ್ ಕೊಠಡಿ ಉದ್ಘಾಟನೆಯಾದ ನಾಲ್ಕೈದು ವರ್ಷಗಳ ನಂತರ ಬ್ಯಾಟರಿ ಬದಲಿಸುವವರು ಯಾರು ಎಂಬ ಪ್ರಶ್ನೆಯನ್ನು ಉದ್ಘಾಟನೆಗೆ ಮೊದಲೇ ಕೇಳಬೇಕಾದುದು ಈ ಕಾರಣದಿಂದ. ಪಂಪು ಅಳವಡಿಸಿದ ಮಾತ್ರಕ್ಕೆ ಕುಡಿಯುವ ನೀರಿನ ಯೋಜನೆ ಪೂರ್ಣವಾಗುವುದಿಲ್ಲವೆಂಬುದು ಸದಸ್ಯರೆಲ್ಲರ ಅನುಭವ. ಶಾಲೆಯ ವಿಷಯವೂ ಅದೇ.

ನೆರವನ್ನು ಸ್ವೀಕರಿಸುವ ಮುನ್ನ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು ಸೂಕ್ತ:

1. ಅಗತ್ಯದ ಪಟ್ಟಿಯನ್ನು ಮುಖ್ಯ ಶಿಕ್ಷಕರು ಹಾಗೂ ಮೇಲುಸ್ತುವಾರಿ ಸಮಿತಿಯೊಡನೆ ಮೊದಲೇ ಸಿದ್ಧಪಡಿಸಿ, ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳ ಮಾತನ್ನೂ ಕೇಳಬೇಕು. ಶೌಚಾಲಯಕ್ಕೆ ನೀರಿಲ್ಲದ ಶಾಲೆಗೆ ಬಣ್ಣದ ಕಮಾನು ತುರ್ತಲ್ಲ.

2. ಯಾರು ಏನು ಕೊಡುವರು, ಎಷ್ಟು ಕಾಲ, ದುರಸ್ತಿ ಮತ್ತು ವಿದ್ಯುತ್ ವೆಚ್ಚ ಯಾರದು ಎಂಬುದು ಬರಹದಲ್ಲಿರಬೇಕು. ಅದು ಪಂಚಾಯತಿಯ ನಡವಳಿಯಲ್ಲಿ ದಾಖಲಾಗಬೇಕು.

3. ಬಂದ ಸಾಮಗ್ರಿಯನ್ನು ಶಾಲೆಯ ದಾಸ್ತಾನು ವಹಿಗೆ ಸೇರಿಸಬೇಕು. ನೆರವು ಯಾರದೇ ವೈಯಕ್ತಿಕ ಕೈಗೆ ಬರಕೂಡದು.

4. ಬಡತನವನ್ನು ಪ್ರದರ್ಶನಕ್ಕಿಡುವಂತೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಛಾಯಾಚಿತ್ರ ತೆಗೆಯುವ ಷರತ್ತಿಗೆ ಒಪ್ಪಬಾರದು. ಮಗು ಪಡೆಯುತ್ತಿರುವುದು ಭಿಕ್ಷೆಯಲ್ಲ.

5. ವರ್ಷಕ್ಕೊಮ್ಮೆ ಗ್ರಾಮ ಸಭೆಯಲ್ಲಿ ಫಲಿತಾಂಶವನ್ನು ತಿಳಿಸಬೇಕು: ಎಷ್ಟು ಪುಸ್ತಕ ಬಂತು ಎಂಬುದಕ್ಕಿಂತ ಎಷ್ಟು ಮಕ್ಕಳು ಓದಿದರು ಎಂಬುದು ಮುಖ್ಯ.

ಸಹಭಾಗಿತ್ವಕ್ಕೆ ಸಿದ್ಧವಾದ ನೆಲೆಯೊಂದು ಪಂಚಾಯತಿಯ ಕೈಯಲ್ಲಿಯೇ ಇದೆ. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾವಣೆಗೊಂಡವು. ಮರು ವರ್ಷ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತಿದೆ. ಅರಿವು ಕೇಂದ್ರಕ್ಕೆ ಬಂದ ಪುಸ್ತಕ ಒಂದು ಶಾಲೆಗೆ ಸೀಮಿತವಾಗದೆ, ಮನೆಯಲ್ಲಿ ಓದಲು ಜಾಗವಿಲ್ಲದ ಮಗುವಿಗೂ ಒದಗುತ್ತದೆ.

ಯಾವ ದಾನಿಯೂ ವಹಿಸಿಕೊಳ್ಳಲಾಗದ ಕೆಲಸವೂ ಒಂದಿದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಪ್ರಕರಣದಂತೆ, ತನ್ನ ವ್ಯಾಪ್ತಿಯ 14 ವರ್ಷದವರೆಗಿನ ಮಕ್ಕಳ ದಾಖಲೆಯನ್ನಿಡುವುದು, ಅವರ ದಾಖಲಾತಿ ಮತ್ತು ಹಾಜರಾತಿಯನ್ನು ಗಮನಿಸುವುದು, ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ಕಬ್ಬು ಕಡಿಯಲು ಬಂದವರ ಗುಡಿಸಲಿನಲ್ಲೋ ಇಟ್ಟಿಗೆ ಗೂಡಿನ ಬಳಿಯಲ್ಲೋ ಇರುವ ಮಗುವಿನ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ, ಶಾಲೆಗೆ ಬಂದ ಯಾವ ಕೊಡುಗೆಯೂ ಅದನ್ನು ತಲುಪದು. ಆದುದರಿಂದ ದಾನಿಗಳಿಗೆ ಪತ್ರ ಬರೆಯುವ ಮೊದಲು ಪ್ರತಿ ವಾರ್ಡಿನ ಮಕ್ಕಳ ಪಟ್ಟಿಯನ್ನು ಪೂರ್ಣಗೊಳಿಸುವುದು ಉಚಿತ.