ವೃತ್ತಪತ್ರಿಕೆಯ ತಂತಿಯೂ ತಾಲ್ಲೂಕಿನ ಬಾತ್ಮೀದಾರನೂ

೨೦೧೩ನೆಯ ಇಸವಿಯ ಜುಲೈ ತಿಂಗಳಲ್ಲಿ ನಮ್ಮ ದೇಶದ ತಂತಿಸೇವೆ ನಿಂತುಹೋಯಿತು. ತಂತಿಯ ಕಾಲದಲ್ಲಿ ಹುಟ್ಟಿದ ಅಧಿಕಾರವೊಂದು ಮಾತ್ರ ಇನ್ನೂ ನಿಂತಿಲ್ಲವೆಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಾಚಕ ಮಹಾಶಯರ ಗಮನಕ್ಕೆ ತರಬಯಸುತ್ತೇವೆ.

ಸುದ್ದಿಯು ಪ್ರಜೆಗಳ ಸ್ವತ್ತೆಂಬ ಭಾವನೆಯಿಂದ ವೃತ್ತಪತ್ರಿಕೆಗಳ ತಂತಿಗೆ ಅಗ್ಗದ ದರವನ್ನು ಗೊತ್ತುಮಾಡಿದ್ದರು. ಇಂಗ್ಲೆಂಡಿನ ೧೮೬೮ರ ಕಾಯಿದೆಯಂತೆ ಒಂದು ಷಿಲ್ಲಿಂಗಿಗೆ ಹಗಲಿನಲ್ಲಿ ೭೫, ರಾತ್ರಿಯಲ್ಲಿ ೧೦೦ ಪದಗಳನ್ನು ಪತ್ರಿಕೆಗಳಿಗೆ ಕಳುಹಿಸಬಹುದಾಗಿತ್ತು. ಇಂತಹ ರಿಯಾಯಿತಿಗೆ ಕಟ್ಟಳೆಗಳೂ ಇದ್ದವು. ಒಕ್ಕಣೆಯು ಪ್ರಕಟಣೆಗಾಗಿಯೇ ಇರತಕ್ಕದ್ದು. ಗುಪ್ತ ಸಂಕೇತಗಳು ಕೂಡದು. ಖಾಸಗಿ ಸಮಾಚಾರವನ್ನಾಗಲಿ ಜಾಹೀರಾತನ್ನಾಗಲಿ ಅದರಲ್ಲಿ ಸೇರಿಸಕೂಡದು. ಇವೆಲ್ಲವೂ ನ್ಯಾಯವಾದ ಕಟ್ಟಳೆಗಳೇ ಸರಿ.

ಆದರೆ ೧೮೮೫ರ ಭಾರತೀಯ ತಂತಿ ಕಾಯಿದೆಯ ೫ನೆಯ ಪ್ರಕರಣವು ಸಾರ್ವಜನಿಕ ತುರ್ತಿನ ಅಥವಾ ಸುರಕ್ಷತೆಯ ಹೆಸರಿನಲ್ಲಿ ಯಾವ ತಂತಿಯನ್ನಾದರೂ ತಡೆಹಿಡಿಯುವ ಅಧಿಕಾರವನ್ನು ಪರಕೀಯ ಸರ್ಕಾರಕ್ಕೆ ಕೊಟ್ಟಿತು. ಸುದ್ದಿ ಸಕಾಲದಲ್ಲಿ ಮುಟ್ಟುವುದರ ಬೆಲೆಯೇನೆಂಬುದನ್ನು ನಮ್ಮ ಸೀಮೆಯವರಿಗೆ ಹೇಳಬೇಕಾದುದಿಲ್ಲ. ೧೯೩೮ರ ಏಪ್ರಿಲ್ ೨೫ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ, ಧ್ವಜಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಗುಂಡು ಹಾರಿತು. ಆ ವಾರ್ತೆ ದೇಶವನ್ನೆಲ್ಲ ಮುಟ್ಟಿತು. ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರು ಸಂಸ್ಥಾನಕ್ಕೆ ಬಂದರು. ಮರುತಿಂಗಳೇ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರದೊಡನೆ ಒಪ್ಪಂದವಾಯಿತು. ಸುದ್ದಿ ಹಳ್ಳಿಯಲ್ಲಿಯೇ ಹೂತುಹೋಗಿದ್ದರೆ ಗತಿಯೇನಾಗುತ್ತಿತ್ತು?

ಸ್ವತಂತ್ರ ಭಾರತವು ೧೯೭೨ರಲ್ಲಿ ಈ ಪ್ರಕರಣವನ್ನು ತಿದ್ದಿ, ಪ್ರಕಟಣೆಗಾಗಿ ಕಳುಹಿಸುವ ಸುದ್ದಿಗೆ ಒಂದು ರಕ್ಷಣೆಯನ್ನು ಕಲ್ಪಿಸಿತು. ನಿಷೇಧಾಜ್ಞೆ ಇದ್ದ ಹೊರತು ಅದನ್ನು ತಡೆಯತಕ್ಕದ್ದಲ್ಲ. ಆದರೆ ಕೇಂದ್ರದ ಅಥವಾ ರಾಜ್ಯದ ಸರ್ಕಾರದಿಂದ ಮಾನ್ಯತೆ ಪಡೆದ ಬಾತ್ಮೀದಾರರಿಗೆ ಮಾತ್ರ ಆ ರಕ್ಷಣೆ. ೨೦೨೩ರ ದೂರಸಂಪರ್ಕ ಕಾಯಿದೆಯ ೨೦ನೆಯ ಪ್ರಕರಣವೂ ೨೦೨೪ರ ಜೂನ್ ತಿಂಗಳಿಂದ ಅದೇ ಏರ್ಪಾಟನ್ನು ಮುಂದುವರಿಸಿದೆ.

ಇಲ್ಲಿಯೇ ನಮ್ಮ ಆಕ್ಷೇಪಣೆ. ಮುಳಬಾಗಿಲಿನಲ್ಲಿಯೋ ಶ್ರೀನಿವಾಸಪುರದಲ್ಲಿಯೋ ಕುಳಿತು, ಬತ್ತಿದ ಕೆರೆಯನ್ನೂ ಬೆಲೆ ಕುಸಿದ ಪೇಟೆಯನ್ನೂ ಕುರಿತು ಬರೆಯುವ ಬಾತ್ಮೀದಾರನ ಬಳಿ ಮಾನ್ಯತೆಯ ಚೀಟಿ ಇಲ್ಲದಿದ್ದರೆ ಅವನ ಸುದ್ದಿಗೆ ಈ ರಕ್ಷಣೆ ಇಲ್ಲ. ಯಾರ ನಡತೆಯನ್ನು ಪ್ರಶ್ನಿಸಬೇಕಾದೀತೋ ಆ ಸರ್ಕಾರದಿಂದಲೇ ಅವನು ಚೀಟಿ ಪಡೆಯಬೇಕು! ಹಳೆಯ ತಂತಿಯ ಕಟ್ಟಳೆಯು ಒಕ್ಕಣೆ ಪ್ರಕಟಣೆಗಾಗಿ ಇದೆಯೇ ಎಂಬುದನ್ನು ವಿಚಾರಿಸುತ್ತಿತ್ತು. ರಕ್ಷಣೆಗೂ ಅದೇ ಅಳತೆಯಾಗಬೇಡವೇ?

ಪ್ರಕಟಣೆಗಾಗಿ ಕಳುಹಿಸಿದ ಪ್ರತಿಯೊಂದು ಸುದ್ದಿಗೂ, ಕಳುಹಿಸಿದವರು ಯಾರೇ ಆಗಿರಲಿ, ಈ ರಕ್ಷಣೆ ಸಲ್ಲಬೇಕು. ಕೋಲಾರ ಸೀಮೆಯ ಪ್ರತಿನಿಧಿಗಳು ಪಾರ್ಲಿಮೆಂಟಿನಲ್ಲಿ ಈ ಮಾತನ್ನೆತ್ತಬೇಕೆಂದು ಒತ್ತಾಯಪಡಿಸುತ್ತೇವೆ.