ಇಬ್ರಾದ ಬುಧವಾರ ಸಂತೆ

ಮಸ್ಕತ್ತಿನಿಂದ ಎರಡು ಗಂಟೆಯ ದಾರಿ, ಒಮಾನಿನ ಹಳೆಯ ಊರು ಇಬ್ರಾ. ಬುಧವಾರ ಬೆಳಗಾದರೆ ಇಲ್ಲಿ ಹೆಂಗಸರ ಸಂತೆ. ಮಾರುವವರೂ ಅವರೇ, ಕೊಳ್ಳುವವರೂ ಅವರೇ. ಬಟ್ಟೆ, ಕಸೂತಿಯ ಅಂಚು, ಕಾಡಿಗೆ, ಅತ್ತರು, ಮನೆಯಲ್ಲೇ ಮಾಡಿದ ಬಖೂರ್ ಧೂಪ ಎಲ್ಲವೂ ಅಲ್ಲಿವೆ.

ಪೇಟೆಯ ಸೂಕ್, ಅಂದರೆ ದಿನದ ಮಾರುಕಟ್ಟೆ, ಮೊದಲಿನಿಂದಲೂ ಗಂಡಸರದು. ಅಪರಿಚಿತ ಗಂಡಸಿನೆದುರು ನಿಂತು ಚೌಕಾಸಿ ಮಾಡಲು ಹೆಣ್ಣುಮಕ್ಕಳಿಗೆ ಸಂಕೋಚ, ಮನೆಯವರಿಗೂ ಅದು ಸೇರದು. ಗಂಡಸರೇ ಇಲ್ಲದ ಜಾಗವಾದರೆ ಯಾರ ತಕರಾರೂ ಇಲ್ಲ. ಹೀಗೆ ಹೆಣ್ಣನ್ನು ಪೇಟೆಯಿಂದ ದೂರವಿಟ್ಟ ಕಟ್ಟಳೆಯೇ ಅವಳದೊಂದು ಪೇಟೆಗೆ ದಾರಿ ಮಾಡಿತು. ಇದನ್ನು ಬಿಡುಗಡೆ ಎನ್ನಲು ನನಗೆ ಮನಸ್ಸು ಬಾರದು. ಆದರೆ ಇಸ್ಲಾಮಿಕ್ ಕಾನೂನಿನಲ್ಲಿ ಹೆಂಡತಿಯ ಗಳಿಕೆ ಹೆಂಡತಿಯದೇ. ಸಂತೆಯಲ್ಲಿ ಕೈಗೆ ಬಂದ ರಿಯಾಲಿಗೆ ಅವಳೇ ಒಡತಿ. ಅದು ಸಣ್ಣ ಮಾತಲ್ಲ.

ಅವಳು ಏನು ಮಾರಬಲ್ಲಳು ಎಂಬುದನ್ನೂ ಮನೆಯೇ ತೀರ್ಮಾನಿಸಿತ್ತು. 1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬರುವ ಮೊದಲು ಇಡೀ ದೇಶದಲ್ಲಿ ಇದ್ದದ್ದು ಮೂರೇ ಆಧುನಿಕ ಶಾಲೆ, ಅವೂ ಹುಡುಗರಿಗೆ. ಹುಡುಗಿಯ ಕಲಿಕೆ ಹೆಚ್ಚಾಗಿ ತಾಯಿಯ ಮಗ್ಗುಲಲ್ಲಿ. ಅಲ್ಲಿ ಕಲಿತದ್ದರಲ್ಲಿ ಒಂದು ಕುಮ್ಮಾ ಹೊಲಿಯುವುದು. ಒಮಾನಿ ಗಂಡಸರ ಈ ಟೋಪಿಗೆ ಎರಡು ಭಾಗ: ನೆತ್ತಿಯ ದುಂಡು ಬಿಲ್ಲೆ, ಸುತ್ತಲಿನ ಪಟ್ಟಿ. ಬಟ್ಟೆಯಲ್ಲಿ ಸೂಜಿಯಿಂದ ಸಣ್ಣ ಸಣ್ಣ ತೂತು ಬಿಡಿಸಿ, ಪ್ರತಿಯೊಂದರ ಅಂಚಿಗೂ ದಾರ ಸುತ್ತಿ ಹೊಲಿಯಬೇಕು. ಒಂದು ಟೋಪಿಗೆ ವಾರಗಳೇ ಬೇಕು. ಆ ತೂತುಗಳಲ್ಲಿ ಗಾಳಿಯಾಡಿ ತಲೆ ತಂಪಾಗಿರುತ್ತದೆ. ಇಬ್ರಾದ ವರ್ತಕರು ಜಂಜಿಬಾರ್‌ಗೆ ಹಡಗು ಹತ್ತಿದ ಕಾಲದ ನಂಟು ಈ ಟೋಪಿಯಲ್ಲಿದೆ. ಪೂರ್ವ ಆಫ್ರಿಕದ ಕೊಫಿಯಾ ಇದರ ಹತ್ತಿರದ ಬಂಧು. ಗಂಡಸಿನ ಹೊರಗಿನ ಮರ್ಯಾದೆಯ ಗುರುತನ್ನು ಹೆಂಗಸು ಮನೆಯೊಳಗೆ ಕೂತು ಹೊಲಿದಳು. ಗಂಡನಿಗೆಂದು, ಮಗನಿಗೆಂದು ಹೊಲಿಯುತ್ತಿದ್ದುದಕ್ಕೆ ಸಂತೆಯಲ್ಲಿ ಬೆಲೆ ಹುಟ್ಟಿತು.

ನಮ್ಮ ಕರಾವಳಿಯ ಮಲ್ಪೆಯಲ್ಲಿ, ಮೀನುಗಾರ ಮೊಗವೀರರಲ್ಲಿ, ಕೆಲಸದ ಗೆರೆ ಬೇರೆ ಕಡೆ ಬಿದ್ದಿದೆ. ಗಂಡಸು ಕಡಲಿಗೆ, ಹೆಂಗಸು ಮೀನಿನ ಬುಟ್ಟಿ ಹೊತ್ತು ಮಾರುಕಟ್ಟೆಗೆ. ಅಲ್ಲಿ ಅವಳು ಗಂಡಸರೆದುರೇ ಗಟ್ಟಿ ದನಿಯಲ್ಲಿ ಬೆಲೆ ಕೂಗುತ್ತಾಳೆ, ಯಾರೂ ಹುಬ್ಬೇರಿಸುವುದಿಲ್ಲ. ಇಬ್ರಾದಲ್ಲಿ ನಾಚಿಕೆಗೇಡು ಎನಿಸುವುದು ಮಲ್ಪೆಯಲ್ಲಿ ದಿನದ ಕಸುಬು. ಹೆಣ್ಣಿನ ಸ್ವಭಾವವೇ ಹೀಗೆ ಎನ್ನುವವರು ಈ ಎರಡು ಊರನ್ನು ಒಟ್ಟಿಗೆ ನೋಡಬೇಕು.

ಒಮಾನಿನಲ್ಲಿ ಹೆಂಗಸರಿಗೆ ಬೇರೆ ಜಾಗ ಎಂಬ ಸಂತೆಯ ಸೂತ್ರವೇ ವಿದ್ಯೆಗೂ ಬಂತು. 1986ರಲ್ಲಿ ಬಾಗಿಲು ತೆರೆದ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರಿಗೆ ಓಡಾಡಲು ಬೇರೆ ದಾರಿ ಕಟ್ಟಿದರು. ಆ ಏರ್ಪಾಡನ್ನು ನಂಬಿ ಮನೆಯವರು ಮಗಳನ್ನು ಕಳಿಸಿದರು. 2004ರಲ್ಲಿ ದೇಶದ ಉನ್ನತ ಶಿಕ್ಷಣ ಖಾತೆಯನ್ನೇ ಒಬ್ಬ ಮಹಿಳೆ, ರಾವ್ಯಾ ಅಲ್ ಬುಸೈದಿ, ವಹಿಸಿಕೊಂಡರು.